ಮೊದಲ ಸೂಜಿಯ ದಾರಿ: ಕಿಡ್ನಿ ಕಲ್ಲಿನ ಶಸ್ತ್ರಚಿಕಿತ್ಸೆಯಲ್ಲಿ ಅಲ್ಟ್ರಾಸೌಂಡ್

ಮೂತ್ರಪಿಂಡದಲ್ಲಿ ಎರಡು ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲಿದ್ದರೆ, ಅಥವಾ ಅದು ಒಳಗಿನ ಕವಲುಗಳಿಗೆಲ್ಲ ಚಾಚಿಕೊಂಡು ಬೆಳೆದಿದ್ದರೆ, ಯುರಾಲಜಿಸ್ಟರಾದ (ಮೂತ್ರಾಂಗಗಳ ಶಸ್ತ್ರಚಿಕಿತ್ಸಕರಾದ) ನಾವು ಇಂದಿಗೂ ಮೊದಲು ಯೋಚಿಸುವುದು ಪಿಸಿಎನ್‌ಎಲ್ ಬಗ್ಗೆಯೇ. ಬೆನ್ನಿನ ಪಕ್ಕದಲ್ಲಿ ಒಂದು ಸಣ್ಣ ರಂಧ್ರ ಮಾಡಿ, ಅಲ್ಲಿಂದ ಮೂತ್ರಪಿಂಡದೊಳಗೆ ನಳಿಕೆಯೊಂದನ್ನು ಇಳಿಸಿ, ದುರ್ಬೀನಿನಲ್ಲಿ ನೋಡುತ್ತ ಕಲ್ಲನ್ನು ಒಡೆದು ಹೊರತೆಗೆಯುವ ಶಸ್ತ್ರಚಿಕಿತ್ಸೆ ಇದು. ರೋಗಿಗಳೂ ಅವರ ಮನೆಯವರೂ ಸಾಮಾನ್ಯವಾಗಿ ಕೇಳುವುದು ಕಲ್ಲು ಒಡೆಯುವ ಯಂತ್ರದ ಬಗ್ಗೆ: ಲೇಸರ್ ಇದೆಯೇ, ಯಾವ ಕಂಪನಿಯದು, ಎಷ್ಟು ವಾಟ್‌ನದು ಎಂದು. ಆದರೆ ಈ ಶಸ್ತ್ರಚಿಕಿತ್ಸೆಯ ಒಳಿತು ಕೆಡುಕು ಬಹುಮಟ್ಟಿಗೆ ನಿರ್ಧಾರವಾಗುವುದು ಕಲ್ಲನ್ನು ಮುಟ್ಟುವ ಮೊದಲೇ, ಚರ್ಮದಿಂದ ಮೂತ್ರಪಿಂಡದವರೆಗೆ ಹೋಗುವ ಮೊದಲ ಸೂಜಿಯಲ್ಲಿ. ಆ ಸೂಜಿ ಸರಿಯಾದ ಜಾಗಕ್ಕೆ ಹೋದರೆ ಮುಂದಿನ ಕೆಲಸ ಸರಾಗ. ತಪ್ಪಿದರೆ ರಕ್ತಸ್ರಾವ, ಅರ್ಧಕ್ಕೆ ನಿಲ್ಲುವ ಶಸ್ತ್ರಚಿಕಿತ್ಸೆ, ಕೆಲವೊಮ್ಮೆ ಪಕ್ಕದ ಅಂಗಕ್ಕೆ ಪೆಟ್ಟು.

ಆ ಸೂಜಿಗೆ ದಾರಿ ತೋರಿಸುವುದು ಯಾವುದು ಎಂಬುದೇ ಈ ಬರಹದ ವಿಷಯ. ಅದನ್ನು ತೋರಿಸಲು ನಮ್ಮ ದೇಶದ ಬಹುಪಾಲು ಆಪರೇಷನ್ ಥಿಯೇಟರ್‌ಗಳಲ್ಲಿ ಬಳಸುವುದು ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ. ಅದರ ಬದಲಿಗೆ ಅಲ್ಟ್ರಾಸೌಂಡ್ ಬಳಸಬಹುದು, ಹೆಚ್ಚಿನ ರೋಗಿಗಳಲ್ಲಿ ಅದನ್ನೇ ಮೊದಲು ಬಳಸಬೇಕು ಎಂಬುದು ವರ್ಷಗಳ ಕೆಲಸದ ನಂತರ ನಾನು ತಲುಪಿರುವ ಅಭಿಪ್ರಾಯ.

ಸೂಜಿಗೆ ಯಾಕೆ ಇಷ್ಟು ಮಹತ್ವ ಎಂಬುದನ್ನು ತಿಳಿಯಲು ಮೂತ್ರಪಿಂಡದ ಒಳರಚನೆಯನ್ನು ಸ್ವಲ್ಪ ತಿಳಿಯಬೇಕು. ಮೂತ್ರ ಮೊದಲು ತೊಟ್ಟಿಕ್ಕುವುದು ಕ್ಯಾಲಿಕ್ಸ್ ಎಂದು ಕರೆಯುವ ಪುಟ್ಟ ಬಟ್ಟಲಿನಾಕಾರದ ಕುಳಿಗಳಿಗೆ. ಅಲ್ಲಿಂದ ಕಿರುದಾರಿಗಳ ಮೂಲಕ ನಡುವಿನ ಕೋಣೆಗೆ, ಅಲ್ಲಿಂದ ಮೂತ್ರನಾಳಕ್ಕೆ ಇಳಿಯುತ್ತದೆ. ಕ್ಯಾಲಿಕ್ಸ್‌ನ ನೆತ್ತಿಯಿಂದ ನೇರವಾಗಿ ಒಳಹೊಕ್ಕರೆ ದೊಡ್ಡ ರಕ್ತನಾಳಗಳು ದಾರಿಗೆ ಅಡ್ಡ ಬರುವುದು ಕಡಿಮೆ. ಅದರ ಕತ್ತಿನ ಕಡೆಯಿಂದಲೋ, ನೇರವಾಗಿ ನಡುಕೋಣೆಗೋ ಚುಚ್ಚಿದರೆ ಹರಿಯುವ ಅಪಧಮನಿಗೆ ತಗಲುವ ಸಂಭವ ಹೆಚ್ಚು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಚಿತ್ರಕಾರನಾಗಿದ್ದ ಮ್ಯಾಕ್ಸ್ ಬ್ರೋಡೆಲ್ 1901ರಲ್ಲಿಯೇ ಮೂತ್ರಪಿಂಡದ ರಕ್ತನಾಳಗಳನ್ನು ಬಿಡಿಸಿ ತೋರಿಸಿ, ಹಿಂಬದಿಯ ಅಂಚಿನ ಸಮೀಪ ರಕ್ತನಾಳಗಳು ವಿರಳವಾಗಿರುವ ಒಂದು ಪಟ್ಟಿಯಿದೆ ಎಂದು ಗುರುತಿಸಿದ್ದ. ಒಬ್ಬ ಚಿತ್ರಕಾರನ ಹೆಸರು ಇಂದಿಗೂ ನಮ್ಮ ಥಿಯೇಟರ್‌ಗಳಲ್ಲಿ ದಿನನಿತ್ಯ ಕೇಳಿಬರುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಇತಿಹಾಸದಲ್ಲಿ ಒಂದು ಕುತೂಹಲದ ತಿರುವಿದೆ. ಮೂತ್ರ ಕಟ್ಟಿಕೊಂಡು ಊದಿದ ಮೂತ್ರಪಿಂಡಕ್ಕೆ ಚರ್ಮದ ಮೂಲಕವೇ ನಳಿಕೆ ಹಾಕಬಹುದೆಂದು ಗುಡ್‌ವಿನ್ ಮತ್ತು ಸಂಗಡಿಗರು 1955ರಲ್ಲಿ ವರದಿ ಮಾಡಿದರು. ಹಾಗೆ ಮಾಡಿದ ದಾರಿಯಿಂದಲೇ ಕಲ್ಲನ್ನೂ ತೆಗೆಯಬಹುದೆಂದು ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ 1976ರಲ್ಲಿ ಮೂವರು ರೋಗಿಗಳ ವಿವರದೊಂದಿಗೆ ತೋರಿಸಿಕೊಟ್ಟರು. ಇವರಲ್ಲಿ ಫರ್ನ್‌ಸ್ಟ್ರೋಮ್ ರೇಡಿಯಾಲಜಿಸ್ಟ್. ಹೀಗಾಗಿ ಈ ವಿಧಾನ ಹುಟ್ಟಿದ್ದೇ ಎಕ್ಸ್‌ರೇ ಕೋಣೆಯಲ್ಲಿ, ಮತ್ತು ಮುಂದೆ ಅದನ್ನು ಕಲಿತ ಯುರಾಲಜಿಸ್ಟರೆಲ್ಲ ಎಕ್ಸ್‌ರೇ ಪರದೆಯನ್ನು ನೋಡುತ್ತಲೇ ಕಲಿತರು. ಆದರೆ ಅದಕ್ಕೂ ಎರಡು ವರ್ಷ ಮೊದಲು, 1974ರಲ್ಲಿ, ಡೆನ್ಮಾರ್ಕಿನ ಪೆಡರ್ಸನ್ ಅಲ್ಟ್ರಾಸೌಂಡ್ ನೆರವಿನಿಂದ ಮೂತ್ರಪಿಂಡಕ್ಕೆ ನಳಿಕೆ ಹಾಕುವುದನ್ನು ಪ್ರಕಟಿಸಿದ್ದರು. ಅಂದರೆ ಅಲ್ಟ್ರಾಸೌಂಡ್ ನಂತರ ಬಂದ ಹೊಸ ಷೋಕಿಯಲ್ಲ. ಆ ಕಾಲದ ಯಂತ್ರಗಳು ಕೊಡುತ್ತಿದ್ದ ಚಿತ್ರ ಮಸುಕಾಗಿತ್ತು, ಎಕ್ಸ್‌ರೇ ಚಿತ್ರ ಸ್ಪಷ್ಟವಾಗಿತ್ತು, ಹಾಗಾಗಿ ರೂಢಿ ಒಂದು ಕಡೆಗೆ ವಾಲಿತು. ಇಂದು ಅಲ್ಟ್ರಾಸೌಂಡ್ ಚಿತ್ರ ಎಷ್ಟೋ ಪಾಲು ಸುಧಾರಿಸಿದೆ, ರೂಢಿ ಮಾತ್ರ ಅಲ್ಲಿಯೇ ಉಳಿದಿದೆ.

ಎಕ್ಸ್‌ರೇ ವಿಧಾನದಲ್ಲಿ ಮೊದಲು ಮೂತ್ರನಾಳದ ಮೂಲಕ ಕ್ಯಾತಿಟರ್ ಎಂಬ ತೆಳುವಾದ ಕೊಳವೆ ಏರಿಸಿ, ರೋಗಿಯನ್ನು ಬೋರಲು ಮಲಗಿಸಿ, ಕ್ಯಾತಿಟರ್ ಮೂಲಕ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರಾವಣವನ್ನು ಬಿಡುತ್ತಾರೆ. ಪರದೆಯ ಮೇಲೆ ಕ್ಯಾಲಿಕ್ಸ್‌ಗಳ ಪೂರ್ಣ ನಕ್ಷೆ ಮೂಡುತ್ತದೆ. ಅದು ನಿಜಕ್ಕೂ ಸುಂದರವಾದ ಚಿತ್ರ, ಅದರ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಅದು ನೆರಳಿನ ಚಿತ್ರ: ಉದ್ದ ಅಗಲ ಕಾಣುತ್ತದೆ, ಆಳ ಕಾಣುವುದಿಲ್ಲ. ಸೂಜಿಯ ತುದಿ ಕ್ಯಾಲಿಕ್ಸ್‌ನ ಮೇಲಿದೆಯೋ, ಒಳಗಿದೆಯೋ, ದಾಟಿ ಕೆಳಗೆ ಹೋಗಿದೆಯೋ ಎಂಬುದು ಒಂದೇ ಚಿತ್ರದಲ್ಲಿ ತಿಳಿಯದು. ಅದಕ್ಕಾಗಿ ಸಿ-ಆರ್ಮ್ ಅನ್ನು ಮೂವತ್ತು ಡಿಗ್ರಿಯಷ್ಟು ಓರೆ ಮಾಡಿ ಮತ್ತೆ ನೋಡಬೇಕು, ನೇರ ಮಾಡಿ ನೋಡಬೇಕು, ಹೀಗೆ ಎರಡು ನೋಟಗಳಿಂದ ಆಳವನ್ನು ಊಹಿಸಬೇಕು. ಪ್ರತಿ ಸಲ ನೋಡುವಾಗಲೂ ಪೆಡಲ್ ಒತ್ತಬೇಕು. ಪೆಡಲ್ ಒತ್ತಿದಷ್ಟು ಹೊತ್ತು ವಿಕಿರಣ ಬರುತ್ತಿರುತ್ತದೆ.

ವಿಕಿರಣದ ಪ್ರಶ್ನೆಯನ್ನು ರೋಗಿಯ ದೃಷ್ಟಿಯಿಂದ ಮಾತ್ರ ನೋಡುವುದು ರೂಢಿ. ರೋಗಿಗೆ ಒಂದು ಶಸ್ತ್ರಚಿಕಿತ್ಸೆಯಲ್ಲಿ ತಗಲುವ ಪ್ರಮಾಣ ಭಯಪಡುವಂಥದ್ದಲ್ಲ, ಅದನ್ನು ದೊಡ್ಡದು ಮಾಡಿ ಹೇಳುವುದು ತಪ್ಪು. ಆದರೆ ಆ ಕೋಣೆಯಲ್ಲಿ ರೋಗಿಯ ಹೊರತಾಗಿ ಇನ್ನೂ ಐದಾರು ಜನರಿರುತ್ತಾರೆ. ರೋಗಿಯ ದೇಹಕ್ಕೆ ಬಡಿದ ಕಿರಣಗಳು ಎಲ್ಲ ದಿಕ್ಕಿಗೂ ಚದುರುತ್ತವೆ. ಶಸ್ತ್ರಚಿಕಿತ್ಸಕ, ಪಕ್ಕದಲ್ಲಿ ಉಪಕರಣ ಕೊಡುವ ನರ್ಸ್, ಅರಿವಳಿಕೆ ವೈದ್ಯರು, ತಂತ್ರಜ್ಞ, ವಾರ್ಡ್ ಸಹಾಯಕ ಇವರಿಗೆ ತಗಲುವುದು ಬಹುತೇಕ ಈ ಚದುರಿದ ಕಿರಣವೇ. ದೂರ ಎರಡರಷ್ಟಾದರೆ ಅದರ ಪ್ರಮಾಣ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಆದರೆ ಸೂಜಿ ಹಿಡಿದವನಿಗೂ ಅವನಿಗೆ ಗೈಡ್‌ವೈರ್ (ಸೂಜಿಯೊಳಗಿಂದ ಇಳಿಸುವ ತೆಳು ತಂತಿ) ಕೊಡುವ ನರ್ಸ್‌ಗೂ ದೂರ ಸರಿಯುವ ಅವಕಾಶವಿರುವುದಿಲ್ಲ. ಸೀಸದ ಏಪ್ರನ್ ಎದೆ ಹೊಟ್ಟೆಗಳನ್ನು ಕಾಪಾಡುತ್ತದೆ, ಥೈರಾಯ್ಡ್ ಕಾಲರ್ ಕುತ್ತಿಗೆಯನ್ನು ಕಾಪಾಡುತ್ತದೆ, ಕೈಗಳೂ ಕಣ್ಣುಗಳೂ ಹೊರಗೇ ಉಳಿಯುತ್ತವೆ. ಸೀಸದ ಕನ್ನಡಕವನ್ನು ನಿಯಮವಾಗಿ ಧರಿಸುವವರನ್ನು ನಾನು ಕಂಡಿರುವುದು ಬಹಳ ಕಡಿಮೆ.

ನಮ್ಮಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂಬ ಮಿತಿಯನ್ನು ಇಟ್ಟಿದೆ. ಅದನ್ನು ಅಳೆಯಲು ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಇದೆ. ಸರಿಯಾಗಿ ಕೆಲಸ ಮಾಡುವ ಥಿಯೇಟರ್‌ನಲ್ಲಿ ಈ ಮಿತಿಯನ್ನು ಯಾರೂ ಮುಟ್ಟಲಾರರು. ಆದರೆ ಬ್ಯಾಡ್ಜ್ ಡ್ರಾಯರ್‌ನಲ್ಲಿ ಉಳಿದರೆ, ಏಪ್ರನ್ ಮಡಚಿ ಮಡಚಿ ಒಳಗಿನ ಸೀಸ ಬಿರುಕು ಬಿಟ್ಟಿದ್ದರೆ, ಕೋಣೆಯಲ್ಲಿ ಏಳು ಜನರಿದ್ದು ಏಪ್ರನ್ ನಾಲ್ಕೇ ಇದ್ದರೆ ಆ ಅಂಕಿಗಳಿಗೆ ಅರ್ಥವಿಲ್ಲ. ಏಪ್ರನ್ ಸಾಲದಿದ್ದಾಗ ಹೊರಗೆ ಉಳಿಯುವವರು ಯಾರೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಶಸ್ತ್ರಚಿಕಿತ್ಸಕನಿಗೆ ಎಂದೂ ಕೊರತೆಯಾಗುವುದಿಲ್ಲ. ಹೊಸದಾಗಿ ಮದುವೆಯಾದ ನರ್ಸ್ ಒಬ್ಬರು, ತಾನು ಗರ್ಭಿಣಿಯಾಗಿರಬಹುದೆಂಬ ಸಂಶಯವನ್ನು ಇನ್ನೂ ಮನೆಯವರಿಗೇ ಹೇಳದಿರುವಾಗ, ಥಿಯೇಟರ್‌ನಲ್ಲಿ ಎಲ್ಲರೆದುರು ಅದನ್ನು ಹೇಳಿ ಪಾಳಿ ಬದಲಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನು ನಾವು ಗಂಡಸರು ಯೋಚಿಸುವುದೇ ಇಲ್ಲ. ವಿಕಿರಣವನ್ನು ಕಡಿಮೆ ಮಾಡಬೇಕೆಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಮುಖ್ಯವಾಗಿ ಇವರೇ.

ಇಷ್ಟು ಹೇಳಿದ ಮೇಲೂ, ವಿಕಿರಣ ಇಲ್ಲದಿರುವುದು ಅಲ್ಟ್ರಾಸೌಂಡ್‌ನ ಒಂದು ಗುಣ ಮಾತ್ರ. ಅದಕ್ಕಿಂತ ದೊಡ್ಡ ಗುಣ ಆಳವನ್ನು ತೋರಿಸುವುದು. ಚರ್ಮ, ಕೊಬ್ಬು, ಸ್ನಾಯು, ಮೂತ್ರಪಿಂಡದ ಹೊರಪದರ, ಕ್ಯಾಲಿಕ್ಸ್, ಕಲ್ಲು ಇವೆಲ್ಲ ಇರುವ ಕ್ರಮದಲ್ಲೇ ಪರದೆಯ ಮೇಲೆ ಕಾಣುತ್ತವೆ. ಮನುಷ್ಯನ ಕಿವಿಗೆ ಕೇಳುವ ಧ್ವನಿಯ ಮೇಲ್ಮಿತಿ ಸೆಕೆಂಡಿಗೆ 20,000 ಕಂಪನ. ನಾವು ಮೂತ್ರಪಿಂಡ ನೋಡಲು ಮೈಮೇಲೆ ಇಡುವ ಪ್ರೋಬ್ ಎಂಬ ಕೈ ಉಪಕರಣ ಸುಮಾರು 35 ಲಕ್ಷ ಕಂಪನಗಳ ಧ್ವನಿಯನ್ನು ಕಳುಹಿಸಿ ಅದರ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ಕಲ್ಲು ಧ್ವನಿಯನ್ನು ಹಿಂದಕ್ಕೆಸೆಯುವುದರಿಂದ ಬಿಳಿಯಾಗಿ ಹೊಳೆಯುತ್ತದೆ, ಅದರ ಹಿಂದೆ ಧ್ವನಿ ಹೋಗದೆ ಕಪ್ಪು ನೆರಳೊಂದು ಉದ್ದಕ್ಕೆ ಬೀಳುತ್ತದೆ. ಯೂರಿಕ್ ಆಮ್ಲದ ಕಲ್ಲುಗಳು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಅಲ್ಟ್ರಾಸೌಂಡ್‌ಗೆ ಆ ಭೇದವಿಲ್ಲ.

ಚುಚ್ಚುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕ್ಯಾತಿಟರ್ ಏರಿಸುವುದು ಇಲ್ಲಿಯೂ ಇದೆ. ಆದರೆ ಕಾಂಟ್ರಾಸ್ಟ್ ಬದಲು ಬರೀ ಸಲೈನ್ ಬಿಡುತ್ತೇವೆ. ಕುಗ್ಗಿದ್ದ ಕ್ಯಾಲಿಕ್ಸ್‌ಗಳು ಸಲೈನ್ ತುಂಬಿಕೊಂಡು ಅರಳಿ ಪರದೆಯ ಮೇಲೆ ಕಪ್ಪಾಗಿ ಕಾಣುತ್ತವೆ. ಸಿರಿಂಜಿನಲ್ಲಿ ಒಂದಿಷ್ಟು ಗಾಳಿ ಇದ್ದರೂ ಗುಳ್ಳೆಗಳು ಬಿಳಿ ಚುಕ್ಕೆಗಳಾಗಿ ಹರಡಿ ಕಲ್ಲಿನಂತೆಯೇ ತೋರುವುದರಿಂದ ಸಲೈನ್ ತುಂಬುವ ಕೈ ಬಹಳ ಎಚ್ಚರದಿಂದಿರಬೇಕು. ಸ್ಟೆರೈಲ್ ಹೊದಿಕೆ ತೊಡಿಸಿದ ಪ್ರೋಬ್ ಅನ್ನು ಪಕ್ಕೆಲುಬಿನ ಕೆಳಗೆ, ಕಂಕುಳಿನ ಹಿಂಬದಿಯ ಗೆರೆಯ ನೇರದಲ್ಲಿ ಇಟ್ಟು, ಮೂತ್ರಪಿಂಡವನ್ನು ತುದಿಯಿಂದ ತುದಿಗೆ ನೋಡುತ್ತೇವೆ. ಯಾವ ಕ್ಯಾಲಿಕ್ಸ್‌ನಿಂದ ಹೊಕ್ಕರೆ ಹೆಚ್ಚಿನ ಕಲ್ಲು ಕೈಗೆಟುಕುತ್ತದೆ ಎಂಬುದು ಮೊದಲೇ ಮಾಡಿಸಿದ ಸಿಟಿ ಸ್ಕ್ಯಾನ್ ನೋಡಿದಾಗಲೇ ನಿರ್ಧಾರವಾಗಿರುತ್ತದೆ. ಈಗ ಅದನ್ನು ಹುಡುಕಿ, ಹಿಂಬದಿಗೆ ಮುಖ ಮಾಡಿದ ಕ್ಯಾಲಿಕ್ಸ್ ಅದೇ ಹೌದೇ ಎಂದು ಖಚಿತಪಡಿಸಿಕೊಂಡು, ಕಲರ್ ಡಾಪ್ಲರ್ ಹಾಕಿ ದಾರಿಯಲ್ಲಿ ರಕ್ತನಾಳವಿದೆಯೇ ಎಂದು ನೋಡುತ್ತೇವೆ.

ಪ್ರೋಬ್‌ನ ಅಂಚಿನಿಂದ 18 ಗೇಜಿನ ಸೂಜಿ ಒಳಗಿಳಿಯುವಾಗ ಅದು ಪ್ರೋಬ್‌ನ ಸಮತಲದಲ್ಲೇ ಸಾಗಬೇಕು. ಕೂದಲೆಳೆಯಷ್ಟು ಓರೆಯಾದರೂ ಪರದೆಯಿಂದ ಮಾಯವಾಗುತ್ತದೆ. ಹಾಗೆ ಮಾಯವಾದಾಗ ಸೂಜಿಯನ್ನು ಮುಂದೆ ತಳ್ಳದೆ, ಪ್ರೋಬ್ ಹಿಡಿದ ಕೈಯನ್ನು ಸ್ವಲ್ಪವೇ ತಿರುಗಿಸಿ ತುದಿಯನ್ನು ಮತ್ತೆ ಕಂಡುಕೊಳ್ಳುವುದೇ ಈ ವಿದ್ಯೆಯ ಅರ್ಧ ಭಾಗ. ಉಸಿರಾಟದ ಜೊತೆ ಮೂತ್ರಪಿಂಡ ಕೆಲವು ಸೆಂಟಿಮೀಟರ್ ಮೇಲೆ ಕೆಳಗೆ ಸರಿಯುವುದರಿಂದ, ಕೊನೆಯ ಹಂತದಲ್ಲಿ ಅರಿವಳಿಕೆ ವೈದ್ಯರು ಉಸಿರು ಹೊರಬಿಟ್ಟ ಸ್ಥಿತಿಯಲ್ಲಿ ವೆಂಟಿಲೇಟರನ್ನು ಕೆಲವು ಕ್ಷಣ ತಡೆಹಿಡಿಯುತ್ತಾರೆ. ಸೂಜಿಯ ತುದಿ ಹೊರಪದರವನ್ನು ಮುಟ್ಟಿದಾಗ ಮೂತ್ರಪಿಂಡ ಕೊಂಚ ಒಳಗೆ ತಗ್ಗುತ್ತದೆ, ಕ್ಯಾಲಿಕ್ಸ್‌ನ ನೆತ್ತಿಯನ್ನು ದಾಟುವಾಗ ಬೆರಳಿಗೆ ಒಂದು ಸಣ್ಣ ಬಿಡುಗಡೆ ಗೊತ್ತಾಗುತ್ತದೆ. ಒಳಗಡ್ಡಿಯನ್ನು ಹೊರತೆಗೆದು ಕಾಯುತ್ತೇವೆ. ಸೂಜಿಯ ಹಿಂತುದಿಯಿಂದ ತಿಳಿಯಾದ ಹನಿ ಇಳಿದರೆ ದಾರಿ ಸರಿಯಿದೆ.

ಈ ಮೊದಲ ಯತ್ನವೇ ಸಫಲವಾಗುವುದು ಅಲ್ಟ್ರಾಸೌಂಡ್ ವಿಧಾನದಲ್ಲಿ ಇನ್ನಷ್ಟು ಮುಖ್ಯ. ಎರಡು ಮೂರು ಸಲ ಚುಚ್ಚಿದ ಮೇಲೆ ಒಳಗೆ ರಕ್ತ ಸೇರಿ, ಸಲೈನ್ ಸೋರಿ, ಕ್ಯಾಲಿಕ್ಸ್ ಕುಗ್ಗಿ ಚಿತ್ರ ಕಲಸಿಹೋಗುತ್ತದೆ.

ಅಕ್ಕಪಕ್ಕದ ಅಂಗಗಳ ವಿಷಯದಲ್ಲಿಯೂ ಅಲ್ಟ್ರಾಸೌಂಡ್‌ಗೆ ಮೇಲುಗೈ ಇದೆ. ಬಲ ಮೂತ್ರಪಿಂಡದ ಬಳಿ ಯಕೃತ್ತು, ಎಡದ ಬಳಿ ಗುಲ್ಮ, ಮೇಲೆ ಶ್ವಾಸಕೋಶದ ಹೊದಿಕೆ, ಪಕ್ಕದಲ್ಲಿ ದೊಡ್ಡ ಕರುಳು. ಕೆಲವರಲ್ಲಿ ಕರುಳು ಮೂತ್ರಪಿಂಡದ ಹಿಂದಕ್ಕೇ ಸುತ್ತಿಕೊಂಡಿರುತ್ತದೆ. ಸಿ-ಆರ್ಮ್‌ನ ಪರದೆಯಲ್ಲಿ ಇವುಗಳ ಗಡಿಗಳನ್ನು ನೋಡಿಕೊಂಡು ಸೂಜಿ ನಡೆಸುವುದು ಸಾಧ್ಯವಿಲ್ಲ, ಗಾಳಿ ತುಂಬಿದ ಕರುಳಿನ ನೆರಳು ಕಂಡರೆ ಅದೇ ಹೆಚ್ಚು. ಬೆನ್ನುಮೂಳೆ ಸೊಟ್ಟಗಿರುವವರಲ್ಲಿ, ಸ್ಥಾನ ತಪ್ಪಿದ ಮೂತ್ರಪಿಂಡವುಳ್ಳವರಲ್ಲಿ, ಕಸಿ ಮಾಡಿದ ಮೂತ್ರಪಿಂಡದಲ್ಲಿ ಕಲ್ಲಾದಾಗ, ಸೂಜಿಗೂ ಕಲ್ಲಿಗೂ ನಡುವೆ ಏನಿದೆ ಎಂದು ಅದೇ ಕ್ಷಣದಲ್ಲಿ ನೋಡಲು ಸಾಧ್ಯವಾಗುವುದು ಸಣ್ಣ ಅನುಕೂಲವಲ್ಲ.

ಕಷ್ಟಗಳನ್ನೂ ಮುಚ್ಚಿಡದೆ ಹೇಳಬೇಕು. ಬಹಳ ದಪ್ಪಗಿರುವ ರೋಗಿಯಲ್ಲಿ ಧ್ವನಿ ಕೊಬ್ಬಿನ ಪದರದಲ್ಲೇ ಸೊರಗಿ ಚಿತ್ರ ಮಂಕಾಗುತ್ತದೆ. ಸಲೈನ್ ಬಿಟ್ಟರೂ ಅರಳದ ಕ್ಯಾಲಿಕ್ಸ್‌ಗಳಿರುತ್ತವೆ, ಕೊಂಬುಕೊಂಬಾಗಿ ಬೆಳೆದ ಕಲ್ಲು ಇಡೀ ಜಾಗವನ್ನೇ ತುಂಬಿಕೊಂಡಿದ್ದರೆ ನೀರಿಗೆ ಎಡೆಯೇ ಇರುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಸೂಜಿಯ ನಂತರದ ಹಂತ. ಗೈಡ್‌ವೈರ್ ಮೇಲೆ ದಾರಿಯನ್ನು ಹಂತಹಂತವಾಗಿ ಅಗಲ ಮಾಡುವಾಗ, ಅದಕ್ಕೆ ಬಳಸುವ ಡೈಲೇಟರ್ ಎಂಬ ಕಡ್ಡಿಯ ತುದಿ ಅಲ್ಟ್ರಾಸೌಂಡ್‌ನಲ್ಲಿ ಸೂಜಿಯಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಕಡಿಮೆ ಹೋದರೆ ನಳಿಕೆ ಮೂತ್ರಪಿಂಡದ ಹೊರಗೇ ನಿಲ್ಲುತ್ತದೆ, ಹೆಚ್ಚು ಹೋದರೆ ಎದುರು ಗೋಡೆಯನ್ನು ತೂತು ಮಾಡುತ್ತದೆ. ಚರ್ಮದಿಂದ ಕ್ಯಾಲಿಕ್ಸ್‌ವರೆಗಿನ ಉದ್ದವನ್ನು ಸೂಜಿಯ ಮೇಲೆಯೇ ಗುರುತಿಸಿಕೊಂಡು, ಅಷ್ಟೇ ಉದ್ದಕ್ಕೆ ಡೈಲೇಟರ್‌ಗಳನ್ನು ಇಳಿಸುವುದು ಇದಕ್ಕೆ ಇರುವ ಉಪಾಯ. ಕಲಿಯುವ ಕಾಲದಲ್ಲಿ ಸೂಜಿಯನ್ನು ಅಲ್ಟ್ರಾಸೌಂಡ್‌ನಿಂದ ಹಾಕಿ, ಅಗಲ ಮಾಡುವಾಗ ಮಾತ್ರ ಸಿ-ಆರ್ಮ್ ನೋಡುವುದು ಬಹಳ ವಿವೇಕದ ದಾರಿ ಎಂದು ನನ್ನ ಭಾವನೆ. ಎಲ್ಲವನ್ನೂ ಅಲ್ಟ್ರಾಸೌಂಡ್‌ನಿಂದಲೇ ಮುಗಿಸಿದೆ ಎಂದು ಹೇಳಿಕೊಳ್ಳುವ ಹಟದಲ್ಲಿ ರೋಗಿಗೆ ಅಪಾಯ ತರುವುದಕ್ಕಿಂತ, ಒಂದೆರಡು ಸೆಕೆಂಡು ಪೆಡಲ್ ಒತ್ತುವುದೇ ಮೇಲು. ಕೊನೆಯಲ್ಲಿ ಉಳಿದ ಚೂರುಗಳನ್ನು ಹುಡುಕುವಾಗಲೂ ಗಾಳಿಯ ಗುಳ್ಳೆ, ರಕ್ತದ ಹೆಪ್ಪು, ನಳಿಕೆಯ ಅಂಚು ಇವು ಕಣ್ಣಿಗೆ ಮೋಸ ಮಾಡುತ್ತವೆ.

ಈ ವಿಧಾನದ ಬಗ್ಗೆ ಮಾತಾಡುವಾಗ ಗುಜರಾತಿನ ನಡಿಯಾದ್ ಊರನ್ನು ನೆನೆಯದೆ ಇರಲಾಗದು. ಖೇಡಾ ಜಿಲ್ಲೆಯ ಆ ಊರಿನ ಮೂಲ್ಜಿಭಾಯಿ ಪಟೇಲ್ ಯುರಾಲಜಿ ಆಸ್ಪತ್ರೆಯಲ್ಲಿ ಡಾ. ಮಹೇಶ್ ದೇಸಾಯಿ ಮತ್ತು ಅವರ ಬಳಗ ದಶಕಗಳಿಂದ ಅಲ್ಟ್ರಾಸೌಂಡ್ ನೆರವಿನಿಂದ ಸೂಜಿ ಹಾಕುವುದನ್ನು ರೂಢಿಸಿಕೊಂಡು, ಬರೆದು, ದೇಶದ ಎಷ್ಟೋ ಜನರಿಗೆ ಕಲಿಸಿದೆ. ಸಾಮಾನ್ಯ ಪಿಸಿಎನ್‌ಎಲ್ ನಳಿಕೆ ಸುಮಾರು ಒಂದು ಸೆಂಟಿಮೀಟರ್ ದಪ್ಪವಿದ್ದರೆ, ಅದರ ಆರನೆಯ ಒಂದು ಭಾಗದಷ್ಟು ದಪ್ಪದ, ತುದಿಯಲ್ಲೇ ಕಣ್ಣಿರುವ ಸೂಜಿಯಿಂದ ಕಲ್ಲು ಪುಡಿ ಮಾಡುವ ಮೈಕ್ರೋಪರ್ಕ್ ವಿಧಾನದ ಮೊದಲ ವರದಿಯನ್ನು ಅವರು 2011ರಲ್ಲಿ ಪ್ರಕಟಿಸಿದ್ದೂ ಈ ದೀರ್ಘ ಅಭ್ಯಾಸದ ಮುಂದುವರಿಕೆಯೇ. ಬೀಜಿಂಗ್‌ನ ಜಿಯಾನ್‌ಶಿಂಗ್ ಲಿ ಸಂಪೂರ್ಣ ಅಲ್ಟ್ರಾಸೌಂಡ್ ವಿಧಾನವನ್ನು ಬೆಳೆಸಿದರೆ, ಅವರಿಂದ ಅದನ್ನು ಕಲಿತ ಸ್ಯಾನ್ ಫ್ರಾನ್ಸಿಸ್ಕೋದ ಥಾಮಸ್ ಚಿ ಅಮೆರಿಕದಲ್ಲಿ ಹರಡಿದರು. ಕಲಿಕೆ ಏಷ್ಯಾದಿಂದ ಅಮೆರಿಕಕ್ಕೆ ಹೋದ ಈ ಉದಾಹರಣೆ ನಮ್ಮ ಕಿರಿಯ ವೈದ್ಯರಿಗೆ ತಿಳಿದಿರಬೇಕು. ಹಾಗಿದ್ದೂ ಜಗತ್ತಿನಾದ್ಯಂತ 96 ಕೇಂದ್ರಗಳ 5,800ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ, ಪಿಸಿಎನ್‌ಎಲ್ ಕುರಿತ ಕ್ರೋಸ್ ಎಂಬ ಅಧ್ಯಯನದಲ್ಲಿ ಬಹುದೊಡ್ಡ ಪಾಲು ಎಕ್ಸ್‌ರೇ ವಿಧಾನದ್ದೇ ಆಗಿತ್ತು.

ನಮ್ಮ ದೇಶದಲ್ಲಿ ಇನ್ನೊಂದು ಅಡಚಣೆಯಿದೆ, ಹೊರಗಿನವರಿಗೆ ಅದು ಊಹೆಗೂ ಬರಲಾರದು. ಹೆಣ್ಣುಭ್ರೂಣ ಹತ್ಯೆಯನ್ನು ತಡೆಯಲು ತಂದ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ, ಭ್ರೂಣದ ಲಿಂಗವನ್ನು ಪತ್ತೆ ಮಾಡಬಲ್ಲ ಯಾವುದೇ ಅಲ್ಟ್ರಾಸೌಂಡ್ ಯಂತ್ರ ನೋಂದಣಿಯಾಗಲೇಬೇಕು. ಮೂತ್ರಪಿಂಡ ನೋಡಲು ಮಾತ್ರ ಇಟ್ಟುಕೊಂಡಿದ್ದೇನೆ ಎಂದರೆ ವಿನಾಯಿತಿ ಇಲ್ಲ. ರೇಡಿಯಾಲಜಿ ವಿಭಾಗದ ಯಂತ್ರವನ್ನು ಥಿಯೇಟರ್‌ಗೆ ಒಯ್ಯಬಹುದೇ, ಶಸ್ತ್ರಚಿಕಿತ್ಸಕನ ಹೆಸರು ನೋಂದಣಿಯಲ್ಲಿ ಸೇರಿದೆಯೇ, ತಪಾಸಣೆಗೆ ಬಂದವರಿಗೆ ಯಾವ ದಾಖಲೆ ತೋರಿಸಬೇಕು ಎಂಬ ಗೊಂದಲದಲ್ಲಿ ಎಷ್ಟೋ ಆಸ್ಪತ್ರೆಗಳು ಥಿಯೇಟರ್‌ಗೆ ಅಲ್ಟ್ರಾಸೌಂಡ್ ತರುವ ಯೋಚನೆಯನ್ನೇ ಕೈಬಿಡುತ್ತವೆ. ಸಿ-ಆರ್ಮ್‌ಗೂ ಎಇಆರ್‌ಬಿಯ ಅನುಮತಿ ಬೇಕು, ಆದರೆ ಅದರ ಕಡತ ಎಂದೋ ಸಿದ್ಧವಾಗಿರುತ್ತದೆ. ಕಾಯ್ದೆ ಸಡಿಲವಾಗಬೇಕೆಂದು ನಾನು ಖಂಡಿತ ಹೇಳುತ್ತಿಲ್ಲ. ಹೆಣ್ಣುಮಕ್ಕಳ ಸಂಖ್ಯೆ ಕುಸಿದ ಜಿಲ್ಲೆಗಳನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆಸ್ಪತ್ರೆಯ ಆಡಳಿತ ವರ್ಗ ಮುಂದೆ ನಿಂತು ಥಿಯೇಟರ್‌ಗೆಂದೇ ಒಂದು ಯಂತ್ರವನ್ನು ನೋಂದಾಯಿಸಿಕೊಟ್ಟರೆ ಈ ಗೊಂದಲ ಕಳೆಯುತ್ತದೆ.

ಗರ್ಭಿಣಿಯರಲ್ಲಿ ಕಲ್ಲು ಮೂತ್ರನಾಳವನ್ನು ಕಟ್ಟಿ, ಸೋಂಕು ತಗುಲಿ, ಚಳಿಜ್ವರ ಬಂದಾಗ ತುರ್ತಾಗಿ ಮೂತ್ರಪಿಂಡಕ್ಕೆ ನಳಿಕೆ ಹಾಕಬೇಕಾಗುತ್ತದೆ. ಅಲ್ಲಿ ಎಕ್ಸ್‌ರೇಯನ್ನು ಆದಷ್ಟೂ ದೂರವಿಡಬೇಕು, ಅಲ್ಟ್ರಾಸೌಂಡ್ ಬಲ್ಲ ಕೈಯೇ ಬೇಕು. ಮಕ್ಕಳ ವಿಷಯವೂ ಹಾಗೆಯೇ. ಬೆಳೆಯುವ ಅಂಗಾಂಶ ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ, ಮುಂದೆ ಬದುಕುವ ವರ್ಷಗಳೂ ಹೆಚ್ಚು. ಅದೃಷ್ಟಕ್ಕೆ ಮಕ್ಕಳ ಮೈ ತೆಳುವಾಗಿರುವುದರಿಂದ ಅವರ ಮೂತ್ರಪಿಂಡ ಅಲ್ಟ್ರಾಸೌಂಡ್‌ನಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ದಿನನಿತ್ಯದ ಸಾಧಾರಣ ರೋಗಿಗಳಲ್ಲಿ ಅಭ್ಯಾಸ ಮಾಡದ ಕೈ, ಗರ್ಭಿಣಿ ಬಂದ ರಾತ್ರಿ ಇದ್ದಕ್ಕಿದ್ದಂತೆ ಪಳಗಲಾರದು. ಆದ್ದರಿಂದ ಎಂಸಿಎಚ್ (ಯುರಾಲಜಿಯ ಉನ್ನತ ಪದವಿ) ಕಲಿಯುವ ವಿದ್ಯಾರ್ಥಿಗಳಿಗೆ ಹೊರರೋಗಿ ವಿಭಾಗದಲ್ಲೇ ಪ್ರೋಬ್ ಕೊಡಬೇಕು, ಪ್ರತಿ ಪಿಸಿಎನ್‌ಎಲ್‌ಗೆ ಮುನ್ನ ರೋಗಿಯನ್ನು ಬೋರಲು ಮಲಗಿಸಿ ಅವರೇ ಸ್ಕ್ಯಾನ್ ಮಾಡಿ ಕ್ಯಾಲಿಕ್ಸ್ ಗುರುತಿಸಬೇಕು ಎಂದು ನಾನು ಒತ್ತಾಯಿಸುತ್ತ ಬಂದಿದ್ದೇನೆ.

ಈ ಬರಹವನ್ನು ಓದುವ ರೋಗಿಗಳು ಅಲ್ಟ್ರಾಸೌಂಡ್ ವಿಧಾನವೇ ಬೇಕೆಂದು ಹಟ ಹಿಡಿಯಬೇಕೇ ಎಂದು ಕೇಳಬಹುದು. ಬೇಡ. ತಾನು ಚೆನ್ನಾಗಿ ಬಲ್ಲ ವಿಧಾನದಲ್ಲಿ ನಿಮ್ಮ ವೈದ್ಯರು ಮಾಡಿದರೆ ಅದೇ ನಿಮಗೆ ಕ್ಷೇಮ, ಎಕ್ಸ್‌ರೇ ವಿಧಾನದಲ್ಲಿ ನುರಿತವರ ಫಲಿತಾಂಶಗಳು ಉತ್ತಮವಾಗಿಯೇ ಇವೆ. ನೀವು ಗಮನಿಸಬೇಕಾದ್ದು ಬೇರೆ ಇದೆ. ಕಲ್ಲು ಮತ್ತೆ ಮತ್ತೆ ಆಗುವ ಕಾಯಿಲೆ. ಒಂದು ಶಸ್ತ್ರಚಿಕಿತ್ಸೆಯಲ್ಲಿ ತಗಲುವುದಕ್ಕಿಂತ, ಊರೂರು ಆಸ್ಪತ್ರೆ ಬದಲಿಸುತ್ತ ಪ್ರತಿ ಕಡೆ ಹೊಸದಾಗಿ ಮಾಡಿಸುವ ಸಿಟಿ ಸ್ಕ್ಯಾನ್‌ಗಳಿಂದ ಹೆಚ್ಚು ವಿಕಿರಣ ಸೇರಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆಗೆ ಮೊದಲು ಅಲ್ಟ್ರಾಸೌಂಡ್ ಸಾಕೇ ಎಂದು ಕೇಳಿ, ಸಂಶಯ ಉಳಿದಾಗ ಮಾತ್ರ ಕಡಿಮೆ ಪ್ರಮಾಣದ ಸಿಟಿ ಮಾಡಿಸಿ. ಮುಂದಿನ ಸಲ ಯಾವ ವೈದ್ಯರ ಬಳಿ ಹೋದರೂ ಹಳೆಯ ಸಿಟಿಯ ವರದಿಯನ್ನು ಮಾತ್ರವಲ್ಲ, ಚಿತ್ರಗಳಿರುವ ಸಿ.ಡಿ.ಯನ್ನೂ ತೆಗೆದುಕೊಂಡು ಹೋಗಿ.